ಡಿಸೆಂಬರ್ ರಜೆಯಲ್ಲಿ ಬೆಂಗಳೂರು ಸುತ್ತುವವರಿಗೊಂದು ಸಲಹೆ
ಕ್ರಿಸ್ಮಸ್ ರಜೆಯ ವಾರದಲ್ಲಿ ಮಕ್ಕಳೊಂದಿಗೆ ನಗರ ನೋಡಲು ಹೊರಡುವವರು ಕಾರನ್ನು ಮನೆಯಲ್ಲಿಯೇ ಬಿಟ್ಟು ಮೆಟ್ರೋದಲ್ಲಿ ಬರುವುದು ಒಳ್ಳೆಯದು. ಕಸ್ತೂರಬಾ ರಸ್ತೆಯ ಸುತ್ತಮುತ್ತ ವಾಹನ ನಿಲ್ಲಿಸಲು ಸ್ಥಳ ಹುಡುಕುವುದರಲ್ಲಿಯೇ ಒಂದು ಗಂಟೆ ಕಳೆದುಹೋದ ಅನುಭವ ನನಗಿದೆ.

ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಉದ್ಯಾನವು ಪಕ್ಕದಲ್ಲಿಯೇ ಇರುತ್ತದೆ. ಹಸಿರು ಮಾರ್ಗದಿಂದ ಬರುವವರು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಬೇಕು. ಬೆಳಗಿನ ಚಳಿ ಸುಮಾರು 15 ಡಿಗ್ರಿಗೆ ಇಳಿಯುವುದರಿಂದ ಮಕ್ಕಳಿಗೆ ಸ್ವೆಟರ್ ಅಗತ್ಯವಾದರೂ, ಹನ್ನೊಂದು ಗಂಟೆಯ ಬಿಸಿಲಿಗೆ ಅದನ್ನು ಹೊತ್ತು ತಿರುಗುವ ಕೆಲಸ ಹಿರಿಯರ ಪಾಲಿಗೇ ಬರುವುದರಿಂದ ಖಾಲಿ ಚೀಲವೊಂದನ್ನು ಜೊತೆಗಿಟ್ಟುಕೊಳ್ಳಿ.

ಉದ್ಯಾನದಲ್ಲಿ ಅಡ್ಡಾಡಿದ ಬಳಿಕ 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. ಯಂತ್ರಗಳ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವ ಅವಕಾಶವಿರುವುದರಿಂದ ಮಕ್ಕಳು ಅಲ್ಲಿಂದ ಬೇಗ ಹೊರಬರುವುದಿಲ್ಲ. ಕನಿಷ್ಠ ಮೂರು ಗಂಟೆ ಮೀಸಲಿಡಿ, ತೆರೆಯುವ ವೇಳೆಗೇ ಹೋಗಿ. ಜವಾಹರಲಾಲ್ ನೆಹರೂ ತಾರಾಲಯವನ್ನೂ ಅದೇ ದಿನ ನೋಡುವ ಆಸೆ ಬೇಡವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಸೋಮವಾರ ರಜೆಯಿರುತ್ತದೆ, ಕನ್ನಡ ಮತ್ತು ಇಂಗ್ಲಿಷ್ ಪ್ರದರ್ಶನಗಳ ಸಮಯ ಬೇರೆಬೇರೆಯಾಗಿರುತ್ತದೆ.

ಡಿಸೆಂಬರ್ 31ರ ಸಂಜೆ ಮಾತ್ರ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಕಡೆ ಮಕ್ಕಳನ್ನು ಕರೆತರಬೇಡಿ. ದೀಪಾಲಂಕಾರ ನೋಡಬೇಕೆಂದಿದ್ದರೆ ಅದಕ್ಕೆ ನಾಲ್ಕೈದು ದಿನ ಮೊದಲೇ, ವಾರದ ನಡುವಿನ ಸಂಜೆಯೊಂದರಲ್ಲಿ ಬಂದು ಹೋಗಿ.