ಚಳಿ ರಾತ್ರಿಗೆ ಮುಂಚೆ ನೀರು ಬಿಟ್ಟೇ ಗಿಡ ಉಳಿಸಿಕೊಂಡೆ

"ಇಂಥ ಚಳಿಯಲ್ಲಿ ನೀರು ಬಿಡ್ತೀಯಾ? ಬೇರು ಕೊಳೆಯುತ್ತೆ" ಎಂದವರೇ ಜಾಸ್ತಿ. ಈಗ ನನ್ನ ನಿಂಬೆ, ದಾಸವಾಳ ಚಿಗುರು ಸಮೇತ ಚಳಿಗಾಲ ದಾಟುತ್ತಿವೆ. ಹಾಗೆ ಅಂದವರೇ ಬಂದು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋಗಿದ್ದು ಪ್ಲಾಸ್ಟಿಕ್ ಹಾಳೆಗೆ. ಎಲೆಗೆ ತಾಗಿದ ಕಡೆಯೆಲ್ಲ ಬೆಳಿಗ್ಗೆ ಕಪ್ಪು. ಬಿಸಿಲೇರಿದ ಮೇಲೂ ತೆಗೆಯದಿದ್ದರೆ ಗಿಡ ಒಳಗೇ ಬೇಯುತ್ತದೆ. ಆಮೇಲೆ ಬಲ್ಬು. ಎಲ್‌ಇಡಿಯಿಂದ ಶಾಖ ಸಿಗಲಿಲ್ಲ. ಹಳೇ 60 ವ್ಯಾಟ್ ಬಲ್ಬು ಕೆಲಸವೇನೋ ಮಾಡಿತು, ಆದರೆ ರಾತ್ರಿಯಿಡೀ ಕರೆಂಟು, ಮೇಲೆ ಒದ್ದೆ ತೋಟದಲ್ಲಿ ವೈರು. ಬಿಟ್ಟೆ. ಚದರ ಮೀಟರಿಗೆ 17 ಗ್ರಾಂ ತೂಗುವ ತೆಳು ಹೊದಿಕೆ ಬಟ್ಟೆ ತಡೆದಿದ್ದು ಸುಮಾರು ಎರಡು ಡಿಗ್ರಿ. 30 ಗ್ರಾಂನದು ಸ್ವಲ್ಪ ವಾಸಿ, ಬೆಲೆ ಮಾತ್ರ ಜಾಸ್ತಿ. ಹಳೇ ಬೆಡ್‌ಶೀಟು ಪುಕ್ಕಟೆ, ಆದರೆ ಇಬ್ಬನಿಗೆ ನೆನೆದರೆ ಭಾರಕ್ಕೆ ರೆಂಬೆ ಮುರಿಯುತ್ತದೆ.

ಬಟ್ಟೆಗಿಂತ ಮುಖ್ಯ ನೆಲ. ರಾತ್ರಿ ಶಾಖ ಏಳುವುದು ಅಲ್ಲಿಂದಲೇ ಅಲ್ವಾ? ಎಲ್ಲರೂ ಬಟ್ಟೆಯನ್ನು ಕೊಡೆ ಮಡಿಸಿದ ಹಾಗೆ ಕಾಂಡಕ್ಕೆ ಬಿಗಿಯುತ್ತಾರೆ. ಹಾಗೆ ಕಟ್ಟಿದರೆ ಆ ಶಾಖ ಒಳಗೆ ಬರುವುದೇ ಇಲ್ಲ. ನಾನು ಕೋಲು ನೆಟ್ಟು, ಬಟ್ಟೆಯನ್ನು ನೆಲದವರೆಗೂ ಇಳಿಬಿಟ್ಟು ಅಂಚಿಗೆ ಕಲ್ಲು ಹೇರುತ್ತೇನೆ. ಬೆಳಿಗ್ಗೆಯೇ ಬುಡದ ಒಣ ಎಲೆ ಸರಿಸಿ, ಮಧ್ಯಾಹ್ನದೊಳಗೆ ನೀರು ಬಿಡುತ್ತೇನೆ. ಒದ್ದೆ ಮಣ್ಣು ಹಗಲಿನ ಶಾಖವನ್ನು ಒಣ ಮಣ್ಣಿಗಿಂತ ಹೆಚ್ಚು ಹಿಡಿದಿಡುತ್ತದೆ. ಬಿಸಿಲು ಇಳಿಯುವ ಮುಂಚೆಯೇ ಹೊದಿಕೆ ಬಿದ್ದಿರಬೇಕು, ಕತ್ತಲಾದ ಮೇಲೆ ಸುಮ್ನೆ ಶ್ರಮ. ಎಷ್ಟು ನೀರು ಅನ್ನುವುದು ನಿಮ್ಮ ಮಣ್ಣಿನ ಮೇಲೆ ಹೋಗುತ್ತದೆ. ನನ್ನ ಅಳತೆ ನನ್ನ ಹತ್ತಿರವೇ ಇರಲಿ.

ಒಂದು ಸಾಲಿನಲ್ಲಿ ಒಣ ಎಲೆ ಹಾಗೇ ಬಿಟ್ಟು ನೋಡಿದೆ. ಹೊದಿಕೆಯೊಳಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಕಡಿಮೆ ಇತ್ತು. ಥರ್ಮಾಮೀಟರನ್ನು ಎದೆಮಟ್ಟದಲ್ಲಿ ತೂಗಿಹಾಕಬೇಡಿ. ಅಲ್ಲಿ 3 ಡಿಗ್ರಿ ತೋರಿಸುವಾಗಲೇ ಹುಲ್ಲಿನ ಮೇಲೆ ಹಿಮ ಕೂತಿರುತ್ತದೆ. ನಿಂಬೆಯ ಪಕ್ಕ ಕಪ್ಪು ಬಳಿದ 20 ಲೀಟರ್ ಕ್ಯಾನುಗಳಲ್ಲಿ ನೀರು ತುಂಬಿಟ್ಟೂ ನೋಡಿದೆ. ಹೊದಿಕೆಯ ಚಿಕ್ಕ ಗೂಡಿಗೆ ಚೆನ್ನಾಗಿದೆ, ದೊಡ್ಡ ಗಿಡಕ್ಕೆ ಸಾಲದು.

ಇದೆಲ್ಲ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗೆ ಮಾತ್ರ. ಕೊರೆಯುವ ಗಾಳಿ ಎದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಕುಂಡಗಳನ್ನು ಒಳಗೆ ತರುತ್ತೇನೆ, ಕಸಿ ಗಿಡಗಳಿಗೆ ಕಸಿ ಗಂಟು, ಅಂದರೆ ಎರಡು ಗಿಡ ಕೂಡಿಸಿದ ಜಾಗ, ಮುಚ್ಚುವಷ್ಟು ಮಣ್ಣು ಏರಿಸುತ್ತೇನೆ. ಚಳಿ ಕಳೆದ ಕೂಡಲೇ ಆ ಮಣ್ಣು ತೆಗೆಯಿರಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಕಪ್ಪಾದ ರೆಂಬೆಗೆ ಮಾತ್ರ ಆಗಲೇ ಕತ್ತರಿ ಹಾಕಬೇಡಿ. ಉಗುರಲ್ಲಿ ಕೆರೆದಾಗ ಒಳಗೆ ಹಸಿರು ಕಂಡರೆ ಅದು ಬದುಕಿದೆ.