ಐದು ಲೋಹಗಳ ಮಿಶ್ರಲೋಹ: ಲೆಕ್ಕ ಮೊದಲು, ಕುಲುಮೆ ಆಮೇಲೆ

ಕೋಬಾಲ್ಟ್, ಕ್ರೋಮಿಯಂ, ಕಬ್ಬಿಣ, ಮ್ಯಾಂಗನೀಸ್, ನಿಕಲ್‌ಗಳನ್ನು ಸಮಪಾಲಿನಲ್ಲಿ ಬೆರೆಸಿದ ಮಿಶ್ರಲೋಹವನ್ನು ಲೋಹವಿಜ್ಞಾನಿ ಬ್ರಯನ್ ಕ್ಯಾಂಟರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರು ಇಂಥ ಬಹುಲೋಹ ಮಿಶ್ರಣಗಳ ಕುರಿತು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಈ ಐದು ಲೋಹಗಳಲ್ಲಿ ಪ್ರತಿಯೊಂದೂ ಕನಿಷ್ಠ ಶೇ 5 ಇರುವಂತೆ ನೋಡಿಕೊಂಡು, ಪ್ರಮಾಣವನ್ನು ಶೇ 5ರಂತೆ ಬದಲಿಸುತ್ತ ಹೋದರೆ 3,876 ಸಂಯೋಜನೆಗಳಾಗುತ್ತವೆ. ಎಲ್ಲವನ್ನೂ ಕರಗಿಸಿ ನೋಡುವುದು ಆಗದ ಮಾತು. ಆದ್ದರಿಂದ ಹಳೆಯ ಅಂಕಿಗಳಿಂದ ಕಲಿತು ಹೊಸ ಸಂಯೋಜನೆಯ ಗುಣವನ್ನು ಊಹಿಸುವ ಕಂಪ್ಯೂಟರ್ ಲೆಕ್ಕವನ್ನು, ಅಂದರೆ ಮಾಡೆಲನ್ನು, ಮೊದಲು ಕಟ್ಟಿಕೊಂಡು, ಅದು ಸೂಚಿಸಿದ ಕೆಲವನ್ನಷ್ಟೇ ಕರಗಿಸಬೇಕು.

ಮೊದಲಿಗೆ ಬೇಕಾದ ಗುಣ ಒಂದನ್ನೇ ಆರಿಸಿಕೊಳ್ಳಿ; ಗಡಸುತನ ಎಂದಿಟ್ಟುಕೊಳ್ಳೋಣ.

ಎರಡನೆಯದು ದತ್ತಾಂಶ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರಕಟಿತ ಪ್ರಬಂಧಗಳಿಂದ ಅಂಕಿಗಳನ್ನು ಎತ್ತಿಕೊಳ್ಳುವಾಗ ಸಂಯೋಜನೆಯನ್ನಷ್ಟೇ ಬರೆದುಕೊಂಡರೆ ಸಾಲದು. ಎರಕ ಹೊಯ್ದ ಮಾದರಿಯೋ, ರೋಲರ್‌ಗಳ ನಡುವೆ ಒತ್ತಿ ಕಾಯಿಸಿದ್ದೋ, ಕಾಯಿಸಿದ ತಾಪಮಾನ ಮತ್ತು ಅವಧಿ ಎಷ್ಟು, ಹರಳುಕಣಗಳ ಗಾತ್ರವೆಷ್ಟು, ಗಡಸುತನವನ್ನು ಎಷ್ಟು ಭಾರದಲ್ಲಿ ಅಳೆದರು ಎಂಬುದಕ್ಕೂ ಪ್ರತ್ಯೇಕ ಕಾಲಂ ಇರಲೇಬೇಕು. ಒಂದೇ ಸಂಯೋಜನೆಗೆ ಎರಡು ಬೇರೆ ಅಂಕಿಗಳು ಸಿಕ್ಕರೆ ಸರಾಸರಿ ತೆಗೆದು ಕೈತೊಳೆದುಕೊಳ್ಳಬೇಡಿ. ವ್ಯತ್ಯಾಸದ ಕಾರಣ ಬಹುಮಟ್ಟಿಗೆ ಸಂಸ್ಕರಣೆಯಲ್ಲೇ ಇರುತ್ತದೆ. ತೂಕದ ಶೇಕಡಾವನ್ನು ಪರಮಾಣು ಶೇಕಡಾದೊಂದಿಗೆ (ಪರಮಾಣುಗಳ ಎಣಿಕೆಯ ಪಾಲಿನೊಂದಿಗೆ) ಕಲಸಿದ ಕೋಷ್ಟಕಗಳೂ ಉಂಟು. ಕಬ್ಬಿಣ, ನಿಕಲ್‌ಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳದು, ಹಗುರವಾದ ಅಲ್ಯೂಮಿನಿಯಂ ಸೇರಿದಾಗ ಲೆಕ್ಕವೇ ತಲೆಕೆಳಗಾಗುತ್ತದೆ.

ಪರಮಾಣು ಗಾತ್ರದ ವ್ಯತ್ಯಾಸ, ಮಿಶ್ರಣೋಷ್ಣ (ಲೋಹಗಳು ಬೆರೆಯುವಾಗ ಹೊರಬೀಳುವ ಅಥವಾ ಹೀರಿಕೊಳ್ಳುವ ಶಾಖ), ಸರಾಸರಿ ವೇಲೆನ್ಸ್ ಎಲೆಕ್ಟ್ರಾನ್ (ಬಂಧದಲ್ಲಿ ಪಾಲ್ಗೊಳ್ಳುವ ಹೊರಗಿನ ಎಲೆಕ್ಟ್ರಾನ್) ಸಂಖ್ಯೆಗಳನ್ನು ಲೆಕ್ಕಹಾಕಿ ಪ್ರತಿ ಸಾಲಿಗೂ ಸೇರಿಸಿ.

ಮಾಡೆಲಿನ ಪರೀಕ್ಷೆಗೆಂದು ಕೆಲವು ಸಾಲುಗಳನ್ನು ತೆಗೆದಿಡುವಾಗ ಚೀಟಿ ಎತ್ತಿದಂತೆ ಆರಿಸಬೇಡಿ. ಒಂದೇ ಮಿಶ್ರಲೋಹದ ಎರಕದ ಮಾದರಿ ಕಲಿಕೆಯಲ್ಲೂ ಕಾಯಿಸಿದ ಮಾದರಿ ಪರೀಕ್ಷೆಯಲ್ಲೂ ಬಂದರೆ ಮಾಡೆಲ್ ಊಹಿಸುವುದಿಲ್ಲ, ನೆನಪಿಸಿಕೊಳ್ಳುತ್ತದೆ. ಆದ್ದರಿಂದ ಇಡೀ ಲೋಹಕುಟುಂಬವನ್ನೇ ಪಕ್ಕಕ್ಕಿಡಿ. ಪರೀಕ್ಷೆಯಲ್ಲಿ ಮಾಡೆಲಿನ ಅಂಕ ಇಳಿದರೂ ನಂಬಬೇಕಾದದ್ದು ಅದನ್ನೇ.

ಕೆಲವು ನೂರು ಸಾಲುಗಳಷ್ಟೇ ಇದ್ದರೆ ಗಾಸಿಯನ್ ಪ್ರೊಸೆಸ್ ಎಂಬ ಸಂಖ್ಯಾಶಾಸ್ತ್ರೀಯ ಮಾಡೆಲನ್ನು ಬಳಸಿ. ಅದು ಊಹೆಯ ಜತೆಗೆ ಅನಿಶ್ಚಿತತೆಯನ್ನೂ ಕೊಡುತ್ತದೆ. ಅಪಾರ ದತ್ತಾಂಶ ಬೇಡುವ, ಹಲವು ಪದರಗಳ ನ್ಯೂರಲ್ ನೆಟ್‌ವರ್ಕ್ ಮಾಡೆಲ್ ಇಲ್ಲಿ ಬರೀ ಆಡಂಬರ, ಒಂದೇ ಕ್ಲಿಕ್ಕಿಗೆ ಮಾಡೆಲ್ ಆರಿಸಿಕೊಡುವ ತಂತ್ರಾಂಶವಂತೂ ಬೇಡವೇ ಬೇಡ. ಅಂಕಿ ಹೆಚ್ಚು ಬಂದ ಸಂಯೋಜನೆಗಳ ಜತೆಗೆ ಅನಿಶ್ಚಿತತೆ ಹೆಚ್ಚಿರುವ ಒಂದೆರಡನ್ನೂ ಆರಿಸಿ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರಿದ್ದ ತಂಡವೊಂದು ಹೀಗೆ ಊಹೆ ಮತ್ತು ಪ್ರಯೋಗಗಳನ್ನು ಸುತ್ತು ಸುತ್ತಾಗಿ ನಡೆಸಿ, ಹೊಸದಾಗಿ 17 ಮಿಶ್ರಲೋಹಗಳನ್ನಷ್ಟೇ ತಯಾರಿಸಿ, ಕಾಯಿಸಿದರೆ ಅತ್ಯಲ್ಪವಾಗಿ ಹಿಗ್ಗುವ ಎರಡನ್ನು ಪತ್ತೆಹಚ್ಚಿದ್ದನ್ನು 2022ರಲ್ಲಿ ವರದಿ ಮಾಡಿತು.

ಆಮೇಲೆ ಆರ್ಗಾನ್ ಅನಿಲದಲ್ಲಿ ಆರ್ಕ್ ಕುಲುಮೆ (ವಿದ್ಯುತ್ ಕಿಡಿಯಿಂದ ಕರಗಿಸುವ ಕುಲುಮೆ) ಹೊತ್ತಿಸಿ, ಗುಂಡಿಯಂಥ ಲೋಹದ ಉಂಡೆಯನ್ನು ಮಗುಚಿ ಮಗುಚಿ ಕರಗಿಸಿ. ಮ್ಯಾಂಗನೀಸ್ ಆವಿಯಾಗಿ ಹೋಗುವುದರಿಂದ ಕುಲುಮೆಗೆ ತೂಗಿ ಹಾಕಿದ ಪ್ರಮಾಣವನ್ನಲ್ಲ, ಕರಗಿದ ಮೇಲೆ ಅಳೆದ ಪ್ರಮಾಣವನ್ನು ಕೋಷ್ಟಕದಲ್ಲಿ ಬರೆಯಿರಿ. ಬಿರುಕುಬಿಟ್ಟ ಮಾದರಿಗೂ ಒಂದು ಸಾಲು ಕೊಡಿ. ಪ್ರಬಂಧಗಳಲ್ಲಿ ಅಂಥವು ಸಿಗುವುದು ಅಪರೂಪ.