ಪುಟ ನಿಧಾನವಾದರೆ ಮೊದಲು ನೋಡಬೇಕಾದದ್ದು ನೆಟ್‌ವರ್ಕ್ ಟ್ಯಾಬ್

ಪುಟ ತೆರೆಯುವುದು ತಡವಾದರೆ ಹೆಚ್ಚಿನವರು ಮೊದಲು ಕ್ಯಾಶೆ, ಅಂದರೆ ಬ್ರೌಸರ್ ಉಳಿಸಿಟ್ಟ ಕಡತಗಳನ್ನು ಅಳಿಸುತ್ತಾರೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ಲೋಗೊ, ಫಾಂಟ್, ಸ್ಕ್ರಿಪ್ಟ್‌ಗಳೆಲ್ಲ ಡಿಸ್ಕ್‌ನಲ್ಲಿ ಸಿದ್ಧವಾಗಿರುತ್ತವೆ. ಅಳಿಸಿದರೆ ಅಷ್ಟನ್ನೂ ಮತ್ತೆ ಡೌನ್‌ಲೋಡ್ ಮಾಡಬೇಕು, ಪುಟ ಇನ್ನೂ ನಿಧಾನ. ಒಂದೇ ತಾಣ ಕೆಟ್ಟಿದ್ದರೆ ಆ ತಾಣದ ಡೇಟಾ ಮಾತ್ರ ಅಳಿಸಿ. ಆಗ ಅಲ್ಲಿ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಅಷ್ಟೇ.

ಸೆಟ್ಟಿಂಗ್ಸ್ ಮುಟ್ಟುವ ಮುಂಚೆ ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಬೇಕು. ಕ್ರೋಮ್‌ನಲ್ಲಿ ಎಫ್12 ಒತ್ತಿ, ಯಾವ ಕಡತಕ್ಕೆ ಎಷ್ಟು ಸಮಯ ಹಿಡಿಯಿತೆಂದು ತೋರಿಸುವ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ರೀಲೋಡ್ ಮಾಡಿ. 'ಡಿಸೇಬಲ್ ಕ್ಯಾಶೆ'ಗೆ ಟಿಕ್ ಇರಬಾರದು. ಇದ್ದರೆ ಅಳತೆಯೇ ತಪ್ಪುತ್ತದೆ. ಮೊದಲ ಸಾಲಿನಲ್ಲಿರುವ ಎಚ್‌ಟಿಎಂಎಲ್ ಕಡತದ ಮೇಲೆ ಕ್ಲಿಕ್ ಮಾಡಿ 'ಟೈಮಿಂಗ್' ನೋಡಿ. 'ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್' ಒಂದೇ 2 ಸೆಕೆಂಡ್ ನುಂಗುತ್ತಿದ್ದರೆ ತಡ ಆಚೆ ಕಡೆಯದು. ಬ್ರೌಸರ್‌ನಲ್ಲಿ ಏನು ಬದಲಿಸಿದರೂ ಅದು ಇಳಿಯದು. ಡಿಎನ್ಎಸ್ ಎಂದರೆ ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಹೊಸ ತಾಣ ತೆರೆದಾಗಲೆಲ್ಲ 'ಡಿಎನ್ಎಸ್ ಲುಕಪ್' ನೂರಾರು ಮಿಲಿಸೆಕೆಂಡ್ ತೋರಿಸುತ್ತಿದ್ದರೆ ಮಾತ್ರ ಡಿಎನ್ಎಸ್ ಬದಲಿಸಿ ನೋಡುತ್ತೇನೆ: ಕ್ಲೌಡ್‌ಫ್ಲೇರ್‌ನ 1.1.1.1 ಅಥವಾ ಗೂಗಲ್‌ನ 8.8.8.8. ಇದರಿಂದ ಹೆಸರು ಹುಡುಕುವ ಸಮಯ ಉಳಿಯಬಹುದು, ಡೌನ್‌ಲೋಡ್ ವೇಗ ಏರುವುದಿಲ್ಲ.

ಕಡತಗಳೆಲ್ಲ ಬೇಗ ಬಂದಿದ್ದರೂ ಪುಟ ತಿಣುಕುತ್ತಿದ್ದರೆ ನನ್ನ ಅನುಮಾನ ಬ್ರೌಸರ್‌ಗೆ ಸೇರಿಸಿಕೊಂಡ ಕಿರುತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳ ಮೇಲೆ. ಅದೇ ಪುಟವನ್ನು ಇನ್‌ಕಾಗ್ನಿಟೊದಲ್ಲಿ (ಖಾಸಗಿ ಕಿಟಕಿಯಲ್ಲಿ) ತೆರೆದು ನೋಡಿ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ. ಆದರೆ ಅಲ್ಲಿ ಕ್ಯಾಶೆಯೂ ಖಾಲಿ. ಹಾಗಾಗಿ ಎರಡು ಸಲ ಲೋಡ್ ಮಾಡಿ, ಎರಡನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ. ವ್ಯತ್ಯಾಸ ಕಂಡರೆ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ. ಕೂಪನ್ ಹುಡುಕುವ, ಕಾಗುಣಿತ ತಿದ್ದುವ ಬಗೆಯವು ಎಲ್ಲ ತಾಣಗಳಲ್ಲೂ ತಮ್ಮ ಸ್ಕ್ರಿಪ್ಟ್ ಓಡಿಸಬಲ್ಲವು. ಬೇಕೇ ಬೇಕೆನ್ನುವುದಕ್ಕೆ ಸೈಟ್ ಆಕ್ಸೆಸ್‌ನಲ್ಲಿ 'ಆನ್ ಕ್ಲಿಕ್' ಕೊಡುತ್ತೇನೆ, ಆಗ ಅದರ ಮೇಲೆ ಕ್ಲಿಕ್ ಮಾಡಿದಾಗ ಮಾತ್ರ ಅದು ತಾಣದಲ್ಲಿ ಓಡುತ್ತದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಮಾತ್ರ ಇರಲಿ, ಅದು ಬರಬೇಕಾದ ಕಡತಗಳನ್ನೇ ಕಡಿಮೆ ಮಾಡುತ್ತದೆ.

ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್ಸ್ ಪುಟವಾದ 'ಅಬೌಟ್:ಕಾನ್ಫಿಗ್'ನಲ್ಲಿ ಪೈಪ್‌ಲೈನಿಂಗ್ (ಉತ್ತರಕ್ಕೆ ಕಾಯದೆ ಕೋರಿಕೆಗಳನ್ನು ಸಾಲಾಗಿ ಕಳಿಸುವುದು) ಆನ್ ಮಾಡಿ ಎನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ಆ ಸೌಲಭ್ಯವನ್ನೇ ತೆಗೆದುಹಾಕಲಾಗಿದೆ. ಒಂದು ಸರ್ವರ್‌ಗೆ 6 ಸಂಪರ್ಕ ಎಂಬ ಮಿತಿಯನ್ನು ಏರಿಸುವುದೂ ಈಗ ಅಷ್ಟಾಗಿ ಫಲ ಕೊಡದು. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಗಳ ಹೊಸ ಆವೃತ್ತಿ ಎಚ್‌ಟಿಟಿಪಿ/2ರಲ್ಲಿ ಒಂದೇ ಸಂಪರ್ಕದ ಮೇಲೆ ಹಲವು ಕೋರಿಕೆಗಳು ಒಟ್ಟಿಗೆ ಹೋಗುತ್ತವೆ. ಹಿಂದೆ ಬದಲಿಸಿದ್ದರೆ ರೀಸೆಟ್ ಮಾಡಿಬಿಡಿ.

ಪುಟ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಗ್ರಾಫಿಕ್ಸ್ ಆಕ್ಸಲರೇಷನ್ ಆನ್ ಇರಲಿ. ಪರದೆ ಮಿನುಗಿದರೆ ಅಥವಾ ಕಪ್ಪಾದರೆ ಮೊದಲು ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ.

ಕ್ರೋಮ್‌ನ 'ಪ್ರೀಲೋಡ್ ಪೇಜಸ್' ನೀವು ತೆರೆಯಬಹುದಾದ ಪುಟವನ್ನು ಮೊದಲೇ ತಂದಿಡುತ್ತದೆ. ಸ್ಟ್ಯಾಂಡರ್ಡ್ ಸಾಕು, ಡೇಟಾ ಮಿತಿ ಇದ್ದರೆ ಆಫ್ ಮಾಡಿ. ಹಳೆಯ ಟ್ಯಾಬ್‌ಗೆ ಮರಳಿದಾಗಲೆಲ್ಲ ಪುಟ ಮೊದಲಿನಿಂದ ಲೋಡ್ ಆಗುತ್ತಿದ್ದರೆ ಅದು ಬಹುಪಾಲು ಬಳಸದ ಟ್ಯಾಬ್‌ಗಳನ್ನು ಮೆಮೊರಿಯಿಂದ ಇಳಿಸುವ ಮೆಮೊರಿ ಸೇವರ್ ಕೆಲಸ. ರ‍್ಯಾಮ್ ಕಡಿಮೆ ಇರುವ ಯಂತ್ರದಲ್ಲಿ ಅದನ್ನು ಪೂರ್ತಿ ಆಫ್ ಮಾಡಬೇಡಿ. ದಿನವೂ ಬಳಸುವ ತಾಣಗಳನ್ನು 'ಸದಾ ಸಕ್ರಿಯ' ಪಟ್ಟಿಗೆ ಸೇರಿಸಿ.